ಗೆದ್ದಲು ತಿನ್ನದ ಸೀರೆಗಳು

ಲೀಲಕ್ಕೋರ ಸೀರೆಗಳನ್ನು ಗೆದ್ದಲು ತಿನ್ನಲಿಲ್ಲ. ನಾನು ಕತ್ತರಿಸಿದೆ.

ಹದಿನೇಳು ಸೀರೆ. ಒಂದೊಂದನ್ನೂ ಬಿಡಿಸಿ, ನೆಲದ ಮೇಲೆ ಹಾಸಿ, ಹುಟ್ಟಲಿದ್ದ ನನ್ನ ಮಗುವಿನ ಉಚ್ಚೆಬಟ್ಟೆಗೆಂದು ಕತ್ತರಿಸಿದೆ — ಆಮೇಲೆ ಆ ಪಾಪವನ್ನು ಗೆದ್ದಲಿನ ತಲೆಗೆ ಕಟ್ಟಿದೆ. ಹತ್ತೊಂಬತ್ತು ವರ್ಷ ಎಲ್ಲರೂ ಅದನ್ನೇ ನಂಬಿದ್ದರು. ಹೋದ ತಿಂಗಳವರೆಗೂ. ಇದನ್ನು ಬರೆಯುವಾಗ ನನಗೆ ದುಃಖವಾಗುತ್ತಿದೆ ಎಂದು ಹೇಳಲಾರೆ. ಆಗುತ್ತಿರುವುದು ಹೇಸಿಗೆ. ಕೊಳೆತ ಮೀನಿನ ನೀರು ಕೈಗೆ ತಾಗಿದ ಮೇಲೆ ಎಷ್ಟು ಸೋಪು ಹಚ್ಚಿದರೂ ಆ ಕೈಯನ್ನು ಮೂಗಿನ ಹತ್ತಿರ ತರಲಾಗುವುದಿಲ್ಲವಲ್ಲ — ಹಾಗೆ.

ಲೀಲಕ್ಕೋರು ನನ್ನ ಗಂಡನ ಮೊದಲ ಹೆಂಡತಿ. ಕುಮಟೆ ಕಡೆಯ ಬಾಡ ಎಂಬ ಊರಿನ ಹತ್ತಿರ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದರು. ನಮ್ಮ ಕಡೆ ಟೀಚರಿಗೆ ಅಕ್ಕೋರು ಎನ್ನುವುದು ರೂಢಿ. ಕಾಮಾಲೆಯಾಗಿ ಅವರು ತೀರಿಕೊಂಡಾಗ ಮಗಳು ವೀಣಾಳಿಗೆ ಆರು ವರ್ಷ. ಮರುವರ್ಷ ನಾನು ಆ ಮನೆಗೆ ಎರಡನೆಯವಳಾಗಿ ಬಂದೆ. ನನಗಾಗ ಮೂವತ್ತೊಂದು. ಅಲ್ಲಿಯವರೆಗೆ ಹೊನ್ನಾವರದಲ್ಲಿ ಹುಡುಗಿಯರಿಗೆ ಹೊಲಿಗೆ ಕ್ಲಾಸು ನಡೆಸುತ್ತಿದ್ದೆ. ನನ್ನ ಜೊತೆ ಬಂದದ್ದು ಎರಡು ಟ್ರಂಕು, ಒಂದು ಕಾಲು ಮಶಿನ್. ಇವರು ಕುಮಟೆಯ ಹೈಸ್ಕೂಲೊಂದರಲ್ಲಿ ಗುಮಾಸ್ತರು, ಮಾತು ಕಡಿಮೆ, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. ವೀಣಾ ತಾಯಿಯನ್ನು ಆಯಿ ಎನ್ನುತ್ತಿದ್ದಳು. ನನ್ನನ್ನು ಚಿಕ್ಕಿ ಎಂದು ಕರೆಯಲು ಅವಳ ಅಜ್ಜಿ ಹೇಳಿಕೊಟ್ಟಿದ್ದರು.

ಆ ಅಜ್ಜಿ — ಲೀಲಕ್ಕೋರ ತಾಯಿ — ಹೊನ್ನಾವರದ ಬಂದರಿನ ಕಡೆಯವರು. ನಾನು ಬಂದ ಹೊಸದರಲ್ಲೇ ಒಂದು ದಿನ ಬಂದು, ಮಾಳಿಗೆಯ ಕೋಣೆಯಲ್ಲಿದ್ದ ಹಲಸಿನ ಮರದ ಪೆಟ್ಟಿಗೆಯನ್ನು ನನಗೆ ತೋರಿಸಿದರು. ರೇಷ್ಮೆ ಸೀರೆಗಳನ್ನು ಅವರು ಮೊದಲೇ ತೆಗೆದಿಟ್ಟಿದ್ದರು. ಪೆಟ್ಟಿಗೆಯಲ್ಲಿದ್ದದ್ದು ದಿನವೂ ಶಾಲೆಗೆ ಉಟ್ಟ ಹತ್ತಿ ಸೀರೆಗಳು.

"ಇವ್ನ ಇಲ್ಲೇ ಇಟ್ಟಿದ್ದೆ. ಹುಡುಗಿ ಆಗಾಗ ಮೂಸ್ತದೆ, ಮೂಸ್ಲಿ. ದೊಡ್ಡಾದ್ಮೇಲೆ ಉಡ್ಲಿ. ನೀ ಸ್ವಲ್ಪ ನೋಡ್ಕ ಮಗಾ" ಎಂದರು.

ನೋಡಿಕೊಳ್ಳುತ್ತೇನೆ ಎಂದು ನಾನು ಅವರ ಕಾಲು ಮುಟ್ಟಿದೆ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ.

ಪ್ರತಿ ಭಾನುವಾರ ವೀಣಾ ಆ ಪೆಟ್ಟಿಗೆ ತೆರೆಯುತ್ತಿದ್ದಳು. ಒಂದೊಂದು ಸೀರೆಗೂ ಅವಳ ಹತ್ತಿರ ಹೆಸರಿತ್ತು. ಸೋಮವಾರದ ಸೀರೆ, ಗುರುವಾರದ ಸೀರೆ, ಪರೀಕ್ಷೆ ಸೀರೆ. ಬಿಳಿಗೆ ಹಸಿರು ಅಂಚಿನದು ಝಂಡಾ ಸೀರೆ — ಆಗಸ್ಟ್ ಹದಿನೈದಕ್ಕೂ ಜನವರಿ ಇಪ್ಪತ್ತಾರಕ್ಕೂ ಮಾತ್ರ ಉಟ್ಟದ್ದಂತೆ. ಮುಖವನ್ನು ಮಡಿಕೆಗಳ ಒಳಗೆ ಇಟ್ಟು ಮೂಸಿ, ಎದ್ದು, ಹೇಗಿತ್ತೋ ಹಾಗೇ ಮಡಚಿಡುವಳು. ಕೆಳಗೆ ಬಂದು ನನ್ನ ಹತ್ತಿರ ಚಹಾ ಕೇಳುವಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಕರುಣೆ ಬರುತ್ತಿತ್ತೋ ಏನೋ. ಊಟ ಮುಗಿಸಿ ಬಂದವಳ ಹಾಗೆ ತೃಪ್ತಿಯಿಂದ ಇಳಿದು ಬರುತ್ತಿದ್ದಳಲ್ಲ — ಅದನ್ನು ನನಗೆ ತಡೆಯಲಾಗುತ್ತಿರಲಿಲ್ಲ. ನಾನು ಕಟ್ಟುವ ಜಡೆ, ನಾನು ಹೊಲಿಯುವ ಲಂಗ, ನಾನು ಹಾಕುವ ಅನ್ನ. ಆದರೆ ಅವಳ ಹೊಟ್ಟೆ ತುಂಬುತ್ತಿದ್ದದ್ದು ಮಾಳಿಗೆಯಲ್ಲಿ.

ಎರಡು ವರ್ಷ ಕಳೆದ ಮೇಲೆ ನಾನು ಬಸುರಿಯಾದೆ. ಐದು ತಿಂಗಳಾಗುತ್ತಿದ್ದಂತೆ ಮಶಿನ್ ಮುಂದೆ ಕೂತೆ. ಜಬ್ಲಾ, ಕುಲಾವಿ, ತೊಟ್ಟಿಲ ಬಟ್ಟೆ, ಸಾಸಿವೆ ತುಂಬಿದ ಪುಟ್ಟ ದಿಂಬು, ಬಟ್ಟೆಯ ಆನೆ, ಚಿಂದಿಯ ಚೆಂಡು. ಎಲ್ಲ ನನ್ನ ಕೈಯಲ್ಲೇ. ಅಕ್ಕಪಕ್ಕದವರು ನೋಡಲು ಬರುವರು. "ಪೇಟೆಯಿಂದ ಒಂದು ಗುಂಡಿ ಸೈತ ತಂದಿದ್ದಿಲ್ಲಂತೆ" ಎಂದು ಒಬ್ಬರಿಗೊಬ್ಬರು ಹೇಳುವರು. ಅದನ್ನು ಕೇಳಲು ನನಗೆ ಇಷ್ಟ. ವೀಣಾ ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ಮಶಿನ್ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿಕೊಡುವಳು. ಆನೆಗೆ ಕಣ್ಣು ಹೊಲಿದದ್ದು ಅವಳೇ.

ಲಂಗೋಟಿಗೆ ಮಾತ್ರ ಹೊಸ ಬಟ್ಟೆ ಆಗುವುದಿಲ್ಲ. ತೊಳೆದು ತೊಳೆದು ಮೆತ್ತಗಾದ ಹಳೆ ಹತ್ತಿಯೇ ಬೇಕು. ಅದಕ್ಕೆಂದೇ ನನ್ನ ತಾಯಿ ತನ್ನ ಎಂಟು ಹಳೆ ಸೀರೆಗಳನ್ನು ಗಂಟು ಕಟ್ಟಿ ಕಳಿಸಿದ್ದಳು. ಅಂದರೆ — ಇದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು — ನನಗೆ ಬಟ್ಟೆಯ ಕೊರತೆ ಇರಲಿಲ್ಲ. ಆ ಗಂಟು ನನ್ನ ಕಪಾಟಿನಲ್ಲೇ ಇತ್ತು. ನನ್ನ ತಾಯಿಯ ಸೀರೆಗೆ ಕತ್ತರಿ ಹಾಕಲು ನನಗೆ ಮನಸ್ಸು ಬರಲಿಲ್ಲ.

ಏಳನೇ ತಿಂಗಳು. ಒಂದು ಬುಧವಾರ. ಇವರು ಕುಮಟೆಗೆ, ವೀಣಾ ಶಾಲೆಗೆ ಹೋಗಿದ್ದರು. ಹತ್ತು ಗಂಟೆಯ ಬಿಸಿಲು. ನಾನು ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದೆ. ಪೆಟ್ಟಿಗೆ ತೆರೆದಾಗ ಡಾಂಬರು ಗುಳಿಗೆಯ ವಾಸನೆಗೆ ಹೊಟ್ಟೆ ತೊಳಸಿತು. ವರ್ಷಗಟ್ಟಲೆ ಆ ವಾಸನೆಯನ್ನೇ ನನ್ನ ಕಾರಣ ಮಾಡಿಕೊಂಡಿದ್ದೆ — ಬಸುರಿ, ಸಂಕಟ, ಆ ಹೊತ್ತಿನ ಬುದ್ಧಿ. ಸುಳ್ಳು. ಸಂಕಟವಾದವಳು ಪೆಟ್ಟಿಗೆ ಮುಚ್ಚಿ ಕೆಳಗೆ ಬರುತ್ತಾಳೆ. ನಾನು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಮೂರು ಸಲ ಹತ್ತಿ ಇಳಿದು ಹದಿನೇಳನ್ನೂ ಕೆಳಗೆ ತಂದೆ.

ಮೊದಲು ಕತ್ತರಿಸಿದ್ದು ಝಂಡಾ ಸೀರೆ. ಹೊಸ ಕತ್ತರಿ, ನಯವಾದ ಹತ್ತಿ. ಕತ್ತರಿಯನ್ನು ಸ್ವಲ್ಪ ತೆರೆದು ಹಿಡಿದು ದೂಡಿದರೆ ಸಾಕು, ತಾನಾಗಿ ಓಡುತ್ತಿತ್ತು. ಆ ಸದ್ದು ನನಗೆ ಹಿತವಾಗಿತ್ತು. ಇನ್ನೂ ಒಂದು ಮಾತಿದೆ. ಇದನ್ನು ವೀಣಾಳಿಗೂ ಹೇಳಿಲ್ಲ. ಕತ್ತರಿಸುತ್ತ ನಾನು ಮನಸ್ಸಿನಲ್ಲೇ ಅಂದುಕೊಂಡೆ — ಇದರ ಮೇಲೆ ನನ್ನ ಮಗು ಹೇಲಲಿ. ಅಷ್ಟೇ ಮಾತಿನಲ್ಲಿ, ಹಾಗೆಯೇ ಅಂದುಕೊಂಡೆ. ಅಂದುಕೊಂಡು ನಕ್ಕೆ. ಸತ್ತು ಮೂರು ವರ್ಷವಾದ ಹೆಂಗಸಿನ ಮೇಲೆ — ನನಗೆ ಏನೂ ಮಾಡದವಳ ಮೇಲೆ, ನಾನು ಒಮ್ಮೆಯೂ ಕಾಣದವಳ ಮೇಲೆ.

ಅಂಚು, ಸೆರಗು, ಹೂವಿದ್ದ ಕಡೆಗಳನ್ನೆಲ್ಲ ಬಿಡಿಸಿ ತೆಗೆದೆ. ಗುರುತು ಸಿಗಬಾರದಲ್ಲ. ಅವನ್ನು ಬಚ್ಚಲೊಲೆಗೆ ಹಾಕಿದೆ. ಉಳಿದ ಮೈಯನ್ನು ಮೂರು ಮೂಲೆಯ ಲಂಗೋಟಿಗಳಾಗಿ, ಚೌಕಗಳಾಗಿ ಕತ್ತರಿಸಿ, ಸೋಡಾ ಹಾಕಿ ಕುದಿಸಿ, ಬಣ್ಣ ಆದಷ್ಟು ಬಿಡಿಸಿದೆ. ಬಳಿಕ ಬೇಲಿಯ ಕಡೆ ಹೋದೆ. ಒಣಗಿದ ಗೂಟವೊಂದಕ್ಕೆ ಗೆದ್ದಲು ಹಿಡಿದಿತ್ತು. ಆ ಮಣ್ಣನ್ನು ಚಿಪ್ಪಿನಲ್ಲಿ ಕೆರೆದು ತುಂಬಿಕೊಂಡು, ಏಳು ತಿಂಗಳ ಹೊಟ್ಟೆ ಹೊತ್ತು, ಮತ್ತೆ ಮಾಳಿಗೆ ಹತ್ತಿ ಪೆಟ್ಟಿಗೆಯ ಒಳಗೆಲ್ಲ ಹಚ್ಚಿದೆ. ನೀರು ಚಿಮುಕಿಸಿ ಹಚ್ಚಿದೆ, ಅಂಟಿಕೊಳ್ಳಲಿ ಎಂದು. ಹೊಲಿಗೆಯಲ್ಲಿ ಹೇಗೋ ಹಾಗೇ ಇದರಲ್ಲೂ ನನ್ನ ಕೈ ಅಚ್ಚುಕಟ್ಟು.

ಸಂಜೆ ವೀಣಾ ಬಂದಾಗ ಹೇಳಿದೆ. ಅವಳು ಚೀಲ ಹಾಕಿಕೊಂಡೇ ಮೇಲೆ ಓಡಿದಳು. ನಾನು ಹಿಂದೆ ಹೋದೆ. ಪೆಟ್ಟಿಗೆಯ ಒಳಗೆ ಕೈಯಿಟ್ಟು ಮಣ್ಣನ್ನು ಮುಟ್ಟಿ ನೋಡಿ ಕೇಳಿದಳು:

"ಒಂದೂ ಉಳೀಲಿಲ್ವಾ ಚಿಕ್ಕಿ?"

"ಇಲ್ಲ ಮಗಾ. ಮುಟ್ಟಿದ್ರೆ ಪುಡಿ ಪುಡಿ. ಎಲ್ಲ ಸುಡ್ಬೇಕಾತು."

"ಪುಡಿ ಆದದ್ದಾದ್ರೂ ಇಡ್ಬೇಕಿತ್ತು."

ಅಷ್ಟು ಹೇಳಿ ನನ್ನ ಮಡಿಲಿಗೆ ಬಿದ್ದು ಅತ್ತಳು. ಆ ಮನೆಗೆ ಬಂದ ಮೇಲೆ ನಾನು ಕಂಡ ಅವಳ ಮೊದಲ ಅಳು. ಹೊಟ್ಟೆಯೊಳಗಿನ ಮಗು ಒದೆಯಿತು. ಅವಳ ಕೆನ್ನೆಗೆ ಅದು ತಾಗಿರಬೇಕು. ಕಣ್ಣೀರಿನ ಮುಖ ಎತ್ತಿ, "ಪಾಪು ಒದೀತು" ಎಂದು ನಕ್ಕಳು. ಮತ್ತೆ ಅತ್ತಳು. ನಾನು ತಲೆ ಸವರುತ್ತ, "ಆಯಿ ಇಲ್ಲದಿದ್ರೆ ಎಂತ, ನಾ ಇಲ್ವಾ" ಎಂದೆ.

ಆ ದಿನದಿಂದ ಅವಳು ನನ್ನನ್ನು ಅಮ್ಮ ಎಂದು ಕರೆದಳು.

ನನ್ನ ಬಾಳಿನ ಅತಿ ದೊಡ್ಡ ಸಂಪಾದನೆ ಈ ಶಬ್ದ. ಹೇಗೆ ಸಂಪಾದಿಸಿದೆ ಎಂದು ಈಗ ನಿಮಗೂ ಗೊತ್ತಾಯಿತು. ಕಳೆದುಕೊಂಡದ್ದಕ್ಕೆ ಆ ಹುಡುಗಿ ಸಮಾಧಾನ ಹುಡುಕಿಕೊಂಡು ಬಂದದ್ದು — ಕದ್ದವಳ ಹತ್ತಿರವೇ.

ಸುದ್ದಿ ಕೇಳಿ ಅಜ್ಜಿ ಹೊನ್ನಾವರದಿಂದ ಬಂದರು. ಪೆಟ್ಟಿಗೆ ನೋಡಿದರು. ನಾನು ಅತ್ತೆ. ಅಳು ಬೇಕೆಂದಾಗ ಬರುತ್ತದೆ, ಹೆಂಗಸರಿಗೆ ಹೇಳಿಕೊಡಬೇಕಿಲ್ಲ. "ನೀ ಅಳ್ಬೇಡ, ಹೊಟ್ಟೆಯಲ್ಲಿ ಮಗು ಅದೆ" ಎಂದು ಅಜ್ಜಿಯೇ ನನ್ನ ಕಣ್ಣೊರೆಸಿದರು. ಹಗ್ಗದಲ್ಲಿ ಸಾಲಾಗಿ ಒಣಗುತ್ತಿದ್ದ ಲಂಗೋಟಿಗಳ ಕೆಳಗೆ ತಲೆ ಬಗ್ಗಿಸಿ ಹಾದು, ಬಸ್ಸಿಗೆ ಹೋದರು.

ಮಗ ಸುಹಾಸ ಹುಟ್ಟಿದ. ಆಪರೇಶನ್ ಆಗಿತ್ತು, ನನಗೆ ಬಗ್ಗಲು ಆಗುತ್ತಿರಲಿಲ್ಲ. ಬಾಣಂತನಕ್ಕೆ ಬಂದ ನನ್ನ ತಾಯಿಗೆ ಮೊಣಕಾಲು ನೋವು. "ತಮ್ಮನ ಬಟ್ಟೆ ನಾ ತೊಳೀತೆ" ಎಂದಳು ವೀಣಾ. ಯಾರೂ ಹೇಳಿರಲಿಲ್ಲ. ಒಂಬತ್ತು ವರ್ಷದ ಹುಡುಗಿ ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಬಾವಿಕಟ್ಟೆಯಲ್ಲಿ ಕೂತು, ಮೂಗು ಸೊಟ್ಟ ಮಾಡದೆ, ಆ ಬಟ್ಟೆಗಳನ್ನು ತಿಕ್ಕುವಳು. ನಾನು ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ತಾಯಿಯ ಸೀರೆಗೆ ಹತ್ತಿದ ಹೇಲನ್ನು ಮಗಳು ತೊಳೆಯುತ್ತಿದ್ದಳು. ನನಗೆ ಗೊತ್ತಿತ್ತು. ಗೊತ್ತಿದ್ದೂ — ಬೇಡ ಎನ್ನಲಿಲ್ಲ. ಕೂಲಿಗೆ ಒಬ್ಬಳನ್ನು ಗೊತ್ತುಮಾಡುವುದು ದೊಡ್ಡ ವಿಷಯವಾಗಿರಲಿಲ್ಲ. ಇವರು ಅದನ್ನೇ ಹೇಳಿದರೆ, "ಅವಳಿಗೆ ತಮ್ಮನ ಮೇಲೆ ಜೀವ, ಮಾಡ್ಲಿ" ಎಂದೆ.

ಒಂದು ಬೆಳಿಗ್ಗೆ ಒದ್ದೆ ಬಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದಳು.

"ಅಮ್ಮಾ, ಇದು ಆಯಿದು ಗುರುವಾರದ ಸೀರೆ ಬಣ್ಣ."

ಕುದಿಸಿದ್ದರೂ ಮಡಿಕೆಯ ಒಂದು ಕಡೆ ತಿಳಿನೀಲಿ ಉಳಿದುಬಿಟ್ಟಿತ್ತು.  ನಾನು ಕಿಟಕಿಯಿಂದಲೇ ಹೇಳಿದೆ:

"ನಿನ್ನ ಆಯಿಗೊಬ್ಳಿಗೇ ಆ ಬಣ್ಣ ಬರ್ಕೊಟ್ಟಿದ್ರನೇ? ನನ್ನ ಅಮ್ಮ ಕಳ್ಸಿದ ಹಳೆ ಸೀರೆ ತುಂಡು ಅದು. ಹೊತ್ತಾತು, ಶಾಲೆಗೆ ಹೋಗು."

ಅವಳ ಮುಖ ಸಣ್ಣದಾಯಿತು. "ಹಂಗೇ ಕಂಡ್ತು" ಎಂದಳು — ತಪ್ಪು ಮಾಡಿದವಳ ಹಾಗೆ. ವಾಪಸು ಹೋಗಿ ಅದೊಂದನ್ನು ಮಾತ್ರ ಮತ್ತೊಮ್ಮೆ ನೀರಿಗೆ ಹಾಕಿ, ಬಹಳ ಹೊತ್ತು ಜಾಲಿಸಿದಳು. ಆ ದಿನ ಶಾಲೆಗೆ ತಡವಾಯಿತು.

ಮಗ ದೊಡ್ಡವನಾದ. ಲಂಗೋಟಿಗಳು ನೆಲ ಒರೆಸುವ ಅರಿವೆಯಾದವು, ಒಲೆಕಟ್ಟೆ ಒರೆಸಿದವು, ಇವರ ಸ್ಕೂಟರ್ ಒರೆಸಿದವು, ಚಿಂದಿಯಾಗಿ ಹೋದವು. ಒಂದೂ ಉಳಿಯಲಿಲ್ಲ. ವೀಣಾಳನ್ನು ನಾನು ಪ್ರೀತಿಯಿಂದಲೇ ಬೆಳೆಸಿದೆ, ಅದು ನಾಟಕವಾಗಿರಲಿಲ್ಲ. ಅವಳಿಗೆ ಜ್ವರ ಬಂದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಅವಳ ಮದುವೆಯಲ್ಲಿ, "ಎರಡನೇ ತಾಯಿ ಅಂದ್ರೆ ಹೀಂಗಿರ್ಬೇಕು" ಎಂದು ನೆಂಟರು ನನ್ನೆದುರೇ ಹೇಳಿದರು. ಆಗೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ, ಅವರು ಅದನ್ನು ವಿನಯ ಎಂದುಕೊಳ್ಳುತ್ತಿದ್ದರು. ಆ ಪ್ರೀತಿಯನ್ನು ಪ್ರಾಯಶ್ಚಿತ್ತ ಎಂದು ಯಾರೂ ಕರೆಯಬೇಡಿ. ಪ್ರಾಯಶ್ಚಿತ್ತಕ್ಕೆ ಮೊದಲು ಬಾಯಿ ಬಿಡಬೇಕು.

ವೀಣಾ ಈಗ ಭಟ್ಕಳದಲ್ಲಿದ್ದಾಳೆ. ಅವಳಿಗೂ ಗಂಡನಿಗೂ ಅಲ್ಲೇ ಬ್ಯಾಂಕಿನ ಕೆಲಸ. ಅವಳು ಬಸುರಿ, ಏಳು ತಿಂಗಳಾಗಿತ್ತು. ಹೋದ ತಿಂಗಳು ಫೋನ್ ಮಾಡಿ, "ಅಮ್ಮಾ, ಪಾಪುಗೆ ನಿನ್ನ ಕೈಯಲ್ಲಿ ಹೊಲ್ದದ್ದೇ ಬೇಕು. ಮಶಿನ್ ತಂದಾಗದೆ, ಬಾ" ಎಂದಳು. ಹೋದೆ. ನಾಲ್ಕು ದಿನ ಕೂತು ಜಬ್ಲಾ ಹೊಲಿದೆ. ಅವಳು ಕಾಲು ಚಾಚಿ ಪಕ್ಕದಲ್ಲಿ ಕೂತು ಗುಂಡಿ ಹಚ್ಚುವಳು. ಐದನೆಯ ದಿನ ಕೆಳಗಿನ ಮನೆಯ ನವಾಯತ ಮುಸ್ಲಿಂ ಹೆಂಗಸು — ವೀಣಾ ಅವರನ್ನು ಆಪಾ ಎನ್ನುತ್ತಾಳೆ — ಒಗೆದು ಮಡಚಿದ ಹಳೆ ದುಪಟ್ಟಾಗಳ ಒಂದು ರಾಶಿ ತಂದುಕೊಟ್ಟರು. ತಮ್ಮ ನಾಲ್ಕು ಮಕ್ಕಳೂ ಇದರಲ್ಲೇ ಬೆಳೆದದ್ದು, ಲಂಗೋಟಿಗೆ ಇದಕ್ಕಿಂತ ಮೆತ್ತನೆಯದು ಸಿಗಲಿಕ್ಕಿಲ್ಲ ಎಂದು ಹೇಳಿ ಹೋದರು.

ವೀಣಾ ಆ ಬಟ್ಟೆಯ ಮೇಲೆ ಕೈಯಾಡಿಸುತ್ತ, "ಆಯಿದು ಒಂದು ಸೀರೆ ಇದ್ದಿದ್ರೆ ಇದ್ರ ಜೊತೆ ಸೇರಿಸ್ಬಹುದಿತ್ತು" ಎಂದಳು. ನಾನು ಮಶಿನ್ ತುಳಿಯುವುದನ್ನು ನಿಲ್ಲಿಸಿದೆ. ನನ್ನ ಮುಖ ಹೇಗಾಗಿತ್ತೋ, ನನಗೆ ನೋವಾಯಿತೆಂದು ತಿಳಿದು ಬೆನ್ನ ಮೇಲೆ ಕೈಯಿಟ್ಟಳು.

"ಹೋಗ್ಲಿ ಬಿಡು ಅಮ್ಮಾ. ನೀ ಎಂತ ಮಾಡ್ತಿದ್ದೆ? ಗೆದ್ದಲಿಗೆ ಗೊತ್ತಾಗ್ತದಾ ಅದು ಯಾರ ಸೀರೆ ಅಂತ."

"ಗೆದ್ದಲಲ್ಲ" ಎಂದೆ. "ನಾನು."

ಅವಳು ನಗುವ ಮುಖದಲ್ಲೇ, "ಎಂತ?" ಎಂದಳು. ನಾನು ಹೇಳಿದೆ. ಬುಧವಾರ, ಕತ್ತರಿ, ಬಚ್ಚಲೊಲೆ, ಬೇಲಿಯ ಮಣ್ಣು. ಒಂದನ್ನೂ ಬಿಡದೆ — ಇಲ್ಲ, ಆ ಒಂದು ಮಾತನ್ನು ಬಿಟ್ಟೆ. ಕೇಳುತ್ತ ಕೇಳುತ್ತ ಅವಳ ಕೈ ನನ್ನ ಬೆನ್ನಿನಿಂದ ತಾನಾಗಿ ಜಾರಿತು.

"ಅಂದ್ರೆ ತಮ್ಮಂದು... ನಾ ಬಾವಿಕಟ್ಟೆಲಿ ತೊಳ್ದದ್ದು?"

"ಹೌದು."

ಅವಳು ಎದ್ದು ಬಚ್ಚಲಿಗೆ ಹೋದಳು. ವಾಂತಿ ಮಾಡುವ ಸದ್ದು ಕೇಳಿಸಿತು. ಬಹಳ ಹೊತ್ತು. ನಲ್ಲಿ ಬಿಟ್ಟ ಸದ್ದು. ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ಹೋಗಿ ಅವಳ ಹಣೆ ಹಿಡಿಯಬೇಕಿತ್ತು. ಆ ಕೈಯಿಂದ ಹೇಗೆ ಹಿಡಿಯಲಿ?

ಮುಖ ಒರೆಸಿಕೊಂಡು ಹೊರಗೆ ಬಂದಳು. ಅತ್ತಿರಲಿಲ್ಲ. "ಯಾಕೆ?" ಎಂದು ಕೇಳಿದಳು. "ಆಗ ನಂಗೂ ಹೊಟ್ಟೆ ತೊಳ್ಸ್ತಿತ್ತು, ಆ ವಾಸನೆ" ಎಂದು ನಾನು ಶುರು ಮಾಡಿದೆ. ನೋಡಿ — ಹತ್ತೊಂಬತ್ತು ವರ್ಷದ ಮೇಲೂ, ಅಷ್ಟು ಹೇಳಿದ ಮೇಲೂ, ನಾಲಗೆ ಮೊದಲು ಹುಡುಕಿದ್ದು ಆ ಕಾರಣವನ್ನೇ. ಅವಳು ಕೈ ಎತ್ತಿ ತಡೆದಳು.

"ಬೇಡ. ಮೂರು ಗಂಟೆಗೆ ಬಸ್ಸದೆ. ಹೊರಡು."

ಹೊಲಿದಿದ್ದ ಜಬ್ಲಾಗಳನ್ನೆಲ್ಲ, ಅರ್ಧ ಹೊಲಿದದ್ದನ್ನೂ, ಒಂದೊಂದಾಗಿ ಮಡಚಿ ನನ್ನ ಚೀಲದೊಳಗೆ ಇಟ್ಟಳು. ಅಮ್ಮ ಎನ್ನಲಿಲ್ಲ, ಚಿಕ್ಕಿ ಎಂದೂ ಅನ್ನಲಿಲ್ಲ.

ಏಳು ತಿಂಗಳ ಬಸುರಿಗೆ ಇದನ್ನು ಹೇಳಬಾರದಿತ್ತು ಎನ್ನುವವರಿದ್ದಾರೆ; ಅಳಿಯ ಫೋನಿನಲ್ಲಿ ಅದನ್ನೇ ಹೇಳಿದರು. ಸರಿಯೇ. ನನ್ನ ಭಾರ ಇಳಿಸಲು ಅವಳ ಹೊಟ್ಟೆಯ ಮೇಲೆ ಹಾಕಿದೆನೋ ಏನೋ — ನನಗೆ ಗೊತ್ತಿಲ್ಲ. ಆದರೆ ಅವಳು ನನ್ನ ಬೆನ್ನು ಸವರಿ, ನನಗೆ ಸಮಾಧಾನ ಹೇಳುತ್ತಿದ್ದಳು. ಅದನ್ನು ಇನ್ನೊಮ್ಮೆ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ. ಇಷ್ಟು ಮಾತ್ರ ಗೊತ್ತು.

ಬಸ್ಸು ಶರಾವತಿ ಸೇತುವೆ ದಾಟಿತು. ಕುಮಟೆಗೆ ಟಿಕೆಟ್ ತೆಗೆದಿದ್ದರೂ ಹೊನ್ನಾವರದಲ್ಲಿ ಇಳಿದುಬಿಟ್ಟೆ. ಅಜ್ಜಿಗೆ ಈಗ ಎಂಬತ್ತರ ಮೇಲಾಗಿದೆ. ಮಗ ಸೊಸೆಯ ಜೊತೆ ಅದೇ ಮನೆಯಲ್ಲಿದ್ದಾರೆ. ಅಂಗಳದಲ್ಲಿ ಕೂತು ಸೊಸೆಯೊಂದಿಗೆ ಮೀನು ಆರಿಸುತ್ತಿದ್ದರು. ಮೀನಿನ ಬುಟ್ಟಿಯ ಹೆಂಗಸು ಎದುರಿಗೆ ಕೂತಿದ್ದಳು. ನಾನು ಅಜ್ಜಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ ಹೇಳಿದೆ.

"ಎಂತ? ಗಟ್ಟಿ ಹೇಳು ಮಾರಾಯ್ತಿ, ಕೆಮಿ ಕೇಳೂದಿಲ್ಲ ನಂಗೆ."

ಒಳಗೆ ಹೋಗಿ ಹೇಳೋಣ ಎಂದುಕೊಂಡೆ. ಅದೂ ಮುಚ್ಚಿಡುವುದೇ ಅಲ್ಲವೇ? ಅಲ್ಲೇ, ಗಟ್ಟಿಯಾಗಿ, ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದೆ. "ಲೀಲಕ್ಕೋರ ಸೀರೆ ಗೆದ್ದಲು ತಿಂದದ್ದಲ್ಲ ಅಜ್ಜಿ. ನಾನೇ ಕತ್ತರಿಸಿ ಮಗುವಿನ ಹೇಲುಬಟ್ಟೆ ಮಾಡಿದೆ." ಮೀನಿನ ಹೆಂಗಸಿನ ಕೈ ಬುಟ್ಟಿಯಲ್ಲೇ ನಿಂತಿತು. ಸೊಸೆ ಬೇರೆ ಕಡೆ ನೋಡಿದಳು. ಅಜ್ಜಿಗೆ ಅರ್ಧ ಕೇಳಿಸಿತ್ತು. ಇನ್ನೊಮ್ಮೆ ಹೇಳು ಎಂದರು. ಇನ್ನೊಮ್ಮೆ ಹೇಳಿದೆ, ಇನ್ನೂ ಗಟ್ಟಿಯಾಗಿ.

ಅಜ್ಜಿ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟರು.

"ಹುಡುಗಿಗೆ ಹೇಳಿದ್ಯಾ?"

"ಹೇಳಿದೆ."

"ಎಂತ ಅಂದ್ಲು?"

"ಹೊರಡು ಅಂದ್ಲು."

"ಹಾಗಾರೆ ಹೊರಡು."

ಅಷ್ಟೇ. ಅವರು ಮೀನಿನ ಕಡೆ ತಿರುಗಿದರು. ನಾನು ಎದ್ದು ಬಂದೆ.

ಇವರಿಗೆ ಮನೆ ತಲುಪಿದ ಸಂಜೆಯೇ ಹೇಳಿದೆ. ಇವರು ಬೈಯಲಿಲ್ಲ, ಎದ್ದು ಮಾಳಿಗೆಗೆ ಹೋಗಿ ಕೂತರು. ನಿವೃತ್ತಿಯಾದವರು; ಈಗಲೂ ದಿನದ ಬಹಳ ಹೊತ್ತು ಅಲ್ಲೇ ಇರುತ್ತಾರೆ. ಊಟಕ್ಕೆ ಕರೆದರೆ ಬರುತ್ತಾರೆ. ಸುಹಾಸ ಕೇಳಿದವನೇ ತನ್ನ ಎರಡೂ ಅಂಗೈ ನೋಡಿಕೊಂಡ — ಯಾಕೆಂದು ನನಗೆ ತಿಳಿಯಲಿಲ್ಲ — ಆಮೇಲೆ ಅಕ್ಕನನ್ನು ನೋಡಲು ಭಟ್ಕಳಕ್ಕೆ ಹೋದ.

ವೀಣಾಳಿಗೆ ನಾನು ಫೋನ್ ಮಾಡಿಲ್ಲ. ಅವಳು ಮಾಡಿದರೆ ಎತ್ತುತ್ತೇನೆ. ಬೈದರೆ ಕೇಳುತ್ತೇನೆ. ಮಾಡದಿದ್ದರೆ — ಅದು ಅವಳಿಗೆ ಬಿಟ್ಟದ್ದು.

ಅಕ್ಕಪಕ್ಕದವರು ಕೇಳುತ್ತಿರುತ್ತಾರೆ: ಮಗಳ ಮನೆಯಿಂದ ಇಷ್ಟು ಬೇಗ ಯಾಕೆ ಬಂದೆ, ಹೆರಿಗೆವರೆಗೂ ಇರಲಿಲ್ಲವಾ ಎಂದು. ಅಲ್ಲಿ ಸೆಕೆ ಹೆಚ್ಚು, ಇವರ ಊಟಕ್ಕೆ ತೊಂದರೆ — ಇಂಥ ಮಾತುಗಳು ಈಗಲೂ ನಾಲಗೆಯ ತುದಿಗೆ ತಾವಾಗಿ ಬರುತ್ತವೆ. ನುಂಗಿಕೊಳ್ಳುತ್ತೇನೆ. ನಾನು ಮಾಡಿದ ಒಂದು ಕೆಲಸಕ್ಕೆ ಅವಳು ನನ್ನನ್ನು ಕಳಿಸಿಬಿಟ್ಟಳು ಎನ್ನುತ್ತೇನೆ. ಎಂಥ ಕೆಲಸ ಎಂದು ಇಬ್ಬರು ಕೇಳಿದ್ದಾರೆ. ಒಳಗೆ ಕರೆದು, ಕೂರಿಸಿ, ಹೇಳಿದ್ದೇನೆ.